ಮುಂದಿನ ಸೀಟಿನ ಬೆಲ್ಟು

ನಮ್ಮ ಮನೆಯ ಕಾರಿನಲ್ಲಿ ಮುಂದಿನ ಸೀಟು ನನ್ನ ಓರಗಿತ್ತಿಯದು. ಕಾರು ಓಡಿಸುವುದು ನನ್ನ ಗಂಡ. ಅದನ್ನು ತೊಳೆಸುವುದು, ಸರ್ವಿಸಿಗೆ ಕಳಿಸುವುದು, ಒಳಗಿನ ಧೂಳು ಒರೆಸುವುದು ನಾನು. ಆದರೆ ಎಲ್ಲಿಗಾದರೂ ಹೊರಟರೆ ಅವರ ಪಕ್ಕದಲ್ಲಿ ಕೂರುವುದು ಅವರ ಅತ್ತಿಗೆ, ಅಂದರೆ ನಮ್ಮ ಭಾವನ ಹೆಂಡತಿ. ಕಾರು ಮನೆಗೆ ಬಂದ ದಿನ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ ಮೇಲೆ, ನಮ್ಮತ್ತೆ ಜಗಲಿಯ ಮೇಲೆ ನಿಂತು ತೀರ್ಮಾನ ಕೊಟ್ಟಿದ್ದರು.

"ದೊಡ್ಡೋಳು ಮುಂದ್ಕೆ ಕೂತ್ಕಳ್ಲಿ. ಚಿಕ್ಕೋಳು ಇಂದ್ಕೆ ಓಗ್ಲಿ."

ಅವತ್ತಿನಿಂದ ನಾನು ಹಿಂದೆ. ಅತ್ತೆ ತೀರಿಹೋದರು. ಜಗಲಿ ಒಡೆದು ಅಲ್ಲಿ ಬಾಡಿಗೆ ಮನೆಗಳು ಎದ್ದವು. ಅಟ್ಟೂರಿನಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಲೇಔಟ್ ಆಗಿ, ನಾನು ಹೆಸರು ಕೇಳದ ಊರುಗಳಿಂದ ಬಂದವರು ಅಲ್ಲಿ ಮನೆ ಕಟ್ಟಿಕೊಂಡರು. ಇಷ್ಟೆಲ್ಲ ಬದಲಾದರೂ ಆ ಸೀಟಿನ ಮಾತು ಮಾತ್ರ ಬದಲಾಗಲಿಲ್ಲ. ಹಿಂದೆ ಕೂತರೆ ಅವಳಿಗೆ ವಾಂತಿ ಬರುತ್ತದೆ ಎಂಬ ಇನ್ನೊಂದು ಕಾರಣವೂ ಆಮೇಲೆ ಸೇರಿಕೊಂಡಿತು. ಯಲಹಂಕದಿಂದ ಮೆಜೆಸ್ಟಿಕ್ಕಿನವರೆಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಹೋಗುತ್ತಿದ್ದವಳಿಗೆ ಕಾರಿನಲ್ಲಿ ಮಾತ್ರ ವಾಂತಿ. ನಾನು ಎದುರಾಡಲಿಲ್ಲ. ಎದುರಾಡದೆ ಒಳಗೊಳಗೇ ಬೆಂದುಕೊಂಡೆ.

ಎದುರಿಗೆ ಅವಳನ್ನು ಅಕ್ಕ ಎಂದೇ ಕರೆಯುತ್ತೇನೆ, ನೀವು ಎಂದೇ ಮಾತಾಡಿಸುತ್ತೇನೆ. ಮನಸ್ಸಿನಲ್ಲಿ ಅವಳು, ಅಷ್ಟೇ. ಹೊಟ್ಟೆಕಿಚ್ಚು ಎಂದರೆ ಜನ ಮುಖ ಸಿಂಡರಿಸುತ್ತಾರೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಸೊಸೆಯರು ಇಷ್ಟು ವರ್ಷ ಬಾಳಿದ ಮೇಲೆ ಒಬ್ಬಳಿಗೆ ಸಿಕ್ಕಿದ್ದು ಇನ್ನೊಬ್ಬಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳ ಸಾರಿಗೆ ಎಲ್ಲರೂ ಎರಡನೆಯ ಸಲ ಕೈ ಚಾಚುತ್ತಾರೆ. ಅವಳ ಜಡೆ ಇವತ್ತಿಗೂ ದಪ್ಪ. ಸೋಬಾನೆ ಹಾಡಬೇಕಾದರೆ ನೆಂಟರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ, ನಾನು ಅಲ್ಲೇ ತಟ್ಟೆ ಹಿಡಿದು ನಿಂತಿದ್ದರೂ. ಇದೆಲ್ಲ ಹೋಗಲಿ ಅಂದುಕೊಂಡೇನು. ಕಾಸಿನ ಸರದ ವಿಷಯ ಮಾತ್ರ ಹೋಗಲಿ ಅನ್ನಲು ನನ್ನಿಂದ ಆಗಿಲ್ಲ.

ಅದು ಅತ್ತೆಯ ಸರ. ಹಳೆಯ ಬಂಗಾರ, ಒತ್ತೊತ್ತಾಗಿ ಪೋಣಿಸಿದ ಕಾಸುಗಳು, ಎದೆಯ ಮೇಲೆ ಬಿದ್ದರೆ ನಡೆಯುವಾಗ ಮೆಲ್ಲಗೆ ಸದ್ದು ಮಾಡುತ್ತದೆ. ಅತ್ತೆ ಕೊನೆಗೆ ಹಾಸಿಗೆ ಹಿಡಿದಾಗ ಅವರಿಗೆ ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಗಂಜಿ ಕುಡಿಸಿದ್ದು ನಾನು. ಓರಗಿತ್ತಿಗೆ ಆಗ ಬೆನ್ನುನೋವು. ಅತ್ತೆ ನನ್ನ ಕೈಯಿಂದ ಗಂಜಿ ಕುಡಿದು, ಬಾಯಿ ಒರೆಸಿಸಿಕೊಂಡು, ಬೀರುವಿನ ಬೀಗದ ಕೈ ತರಿಸಿ, ಸರವನ್ನು ಅವಳ ಕೊರಳಿಗೆ ಹಾಕಿದರು. ನನಗೆ ಒಂದು ಜೊತೆ ಓಲೆ. ಆ ಓಲೆಯನ್ನು ನಾನು ಇವತ್ತಿನವರೆಗೆ ಹಾಕಿಲ್ಲ.

ಅಪಘಾತ ಆದ ದಿನ ಅವಳು ಆ ಸರ ಹಾಕಿದ್ದಳು. ನನ್ನ ಗಂಡನ ಸೋದರಮಾವನ ಮಗಳ ಮದುವೆ ಮುಗಿದು, ಗಂಗಾನಗರದ ಒಂದು ಛತ್ರದಲ್ಲಿ ಬೀಗರ ಊಟ ಇತ್ತು. ಮದುವೆಗಿಂತ ಬೀಗರ ಊಟಕ್ಕೇ ನಮ್ಮ ಕಡೆ ಹೆಂಗಸರು ಜೋರಾಗಿ ಸಿಂಗರಿಸಿಕೊಳ್ಳುವುದು. ಮದುವೆಯಲ್ಲಿ ಎಲ್ಲರೂ ಹೆಣ್ಣನ್ನು ನೋಡುತ್ತಾರೆ, ಬೀಗರ ಊಟದಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ. ಭಾವ ಬೆಳಗ್ಗೆಯೇ ಅಡುಗೆಯವರ ಜೊತೆ ಹೋಗಿದ್ದರು. ಉಳಿದವರು ನಾವು ಮೂವರು.

ಈಗಿನ ಕಾರುಗಳಲ್ಲಿ ಮುಂದೆ ಕೂತವರು ಬೆಲ್ಟ್ ಹಾಕದಿದ್ದರೆ ಅದು ಕುಯ್ ಕುಯ್ ಎಂದು ಅರಚಿಕೊಳ್ಳುತ್ತದೆ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಕ್ಯಾಮೆರಾ ಬೇರೆ. ಆದ್ದರಿಂದ ಓರಗಿತ್ತಿ ಬೆಲ್ಟ್ ಹಾಕಿದಳು. ಆದರೆ ನಮ್ಮ ಹೆಂಗಸರು ಸಿಂಗರಿಸಿಕೊಂಡಾಗ ಹಾಕುವ ರೀತಿಯಲ್ಲಿ ಹಾಕಿದಳು. ಹೆಗಲ ಮೇಲಿಂದ ಎಳೆದರೆ ರೇಷ್ಮೆ ಸೀರೆಯ ನೆರಿಗೆ ಮುದುಡುತ್ತದೆ, ಸರ ಬೆಲ್ಟಿನ ಅಡಿಗೆ ಹೋಗುತ್ತದೆ. ಅದಕ್ಕೆ ಎಡಗೈ ಎತ್ತಿ, ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸಿ, ಬಕಲ್ ಸಿಕ್ಕಿಸಿದಳು. ಆಮೇಲೆ ಸರದ ಕಾಸುಗಳನ್ನು ಬೆಲ್ಟಿನ ಮೇಲೆ ಒಂದೊಂದಾಗಿ ಕೂರಿಸಿ, ಮುಂದಿನ ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡಳು. ಮದುವೆ ಮನೆಗೆ ಹೋಗುವ ಯಾವ ಕಾರನ್ನು ಇಣುಕಿದರೂ ನಮ್ಮವರು ಹೀಗೇ ಕೂತಿರುತ್ತಾರೆ. ಕಾರೂ ಅರಚುವುದಿಲ್ಲ, ದಂಡವೂ ಇಲ್ಲ, ಚಿನ್ನವೂ ಕಾಣುತ್ತದೆ.

ನನಗೆ ಹಿಂದೆ ಬೆಲ್ಟಿನ ಚಿಂತೆಯೇ ಇರಲಿಲ್ಲ, ಯಾಕೆಂದರೆ ಬಕಲ್ಲೇ ಇರಲಿಲ್ಲ. ಯಲಹಂಕ ನ್ಯೂ ಟೌನಿನಲ್ಲಿ ಸೀಟ್ ಕವರ್ ಹಾಕಿಸಿದಾಗ ಅಂಗಡಿಯವನು ಹಿಂದಿನ ಬಕಲ್‌ಗಳನ್ನು ಕವರಿನ ಅಡಿಗೆ ಸೇರಿಸಿ ಬಿಗಿಯಾಗಿ ಹೊಲಿದುಬಿಟ್ಟಿದ್ದ. ಕೇಳಿದ್ದಕ್ಕೆ, ಹಿಂದೆ ಯಾರು ಹಾಕ್ಕೊಳ್ತಾರೆ ಮೇಡಂ, ಕೂತಾಗ ಚುಚ್ಚುತ್ತೆ, ಎಂದ. ಅವನು ಹೇಳಿದ್ದು ಸರಿಯೇ ಅನ್ನಿಸಿತು. ನಮ್ಮ ಬೀದಿಯ ಎಲ್ಲ ಕಾರುಗಳಲ್ಲೂ ಹಾಗೇ ಇತ್ತು.

ಕೊಡಿಗೇಹಳ್ಳಿ ಗೇಟಿನ ಹತ್ತಿರ ಮೇಲಿನ ರಸ್ತೆ ತುಂಬಿಕೊಂಡಿದ್ದರಿಂದ ನನ್ನ ಗಂಡ ಸರ್ವಿಸ್ ರಸ್ತೆಗೆ ಇಳಿದರು. ನಾನು ಎರಡು ಸೀಟುಗಳ ಮಧ್ಯೆ ಮುಂದಕ್ಕೆ ಬಾಗಿ ಕೂತಿದ್ದೆ. ಮಾತಾಡುವ ನೆಪ, ನೋಡುತ್ತಿದ್ದದ್ದು ಸರವನ್ನು. ಕಾರು ಗುಂಡಿಗೆ ಇಳಿದು ಹತ್ತಿದಾಗಲೆಲ್ಲ ಕಾಸುಗಳು ಹೊಳೆಯುತ್ತಿದ್ದವು. ಅಷ್ಟರಲ್ಲಿ ಎದುರಿನಿಂದ, ಬರಬಾರದ ದಿಕ್ಕಿನಿಂದ, ಶಾಮಿಯಾನದ ಕಂಬ ಹೇರಿದ್ದ ಒಂದು ಟೆಂಪೋ ತಿರುವಿನಲ್ಲಿ ನುಗ್ಗಿ ಬಂತು. ಬಲಗಡೆ ಕಟ್ಟೆ, ಎಡಗಡೆ ಮೋರಿಯ ಗೋಡೆ. ನನ್ನ ಗಂಡ ಬ್ರೇಕ್ ಒತ್ತಿದರು.

ಆಗ ಅವರ ಎಡಗೈ ಸ್ಟೀರಿಂಗ್ ಬಿಟ್ಟಿತು. ಬಿಟ್ಟು, ಓರಗಿತ್ತಿಯ ಎದೆಗೆ ಅಡ್ಡವಾಗಿ ಚಾಚಿತು, ಬಸ್ಸಿನಲ್ಲಿ ನಿಂತ ಮಗು ಬೀಳದ ಹಾಗೆ ತಾಯಿ ತಡೆಯುತ್ತಾಳಲ್ಲ, ಹಾಗೆ. ಅದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ದೊಡ್ಡ ಸದ್ದಾಯಿತು, ನಾನು ಎರಡು ಸೀಟುಗಳ ಮಧ್ಯದ ಸಂದಿಗೆ ಹೋಗಿ ಬಿದ್ದೆ.

ನನ್ನ ಹೆಗಲ ಮೂಳೆ ಮುರಿಯಿತು, ಹಣೆ ಸೀಳಿತು, ಒಂದು ಮಂಡಿ ಇವತ್ತಿಗೂ ಮೆಟ್ಟಿಲ ಮೇಲೆ ನೋಯುತ್ತದೆ. ನನ್ನ ಗಂಡನ ಎಡ ಮಣಿಕಟ್ಟು ಮುರಿಯಿತು. ಏರ್‌ಬ್ಯಾಗ್ ಉಬ್ಬಿ ಬಡಿದಿದೆ ಎಂದರು ಡಾಕ್ಟರು. ಯಾವ ಸೀಟಿನ ಏರ್‌ಬ್ಯಾಗ್ ಎಂದು ಯಾರೂ ಕೇಳಲಿಲ್ಲ. ಓರಗಿತ್ತಿಗೆ ಎಲ್ಲರಿಗಿಂತ ಹೆಚ್ಚಾಗಿತ್ತು. ಬೆಲ್ಟ್ ಅವಳ ಎಡ ಪಕ್ಕೆಲುಬುಗಳನ್ನು ಒಳಕ್ಕೆ ಅದುಮಿ ಮುರಿದಿತ್ತು, ಅವುಗಳ ಹಿಂದಿನ ಗುಲ್ಮ, ಅಂದರೆ ಸ್ಪ್ಲೀನ್, ಹರಿದಿತ್ತು, ಕರುಳಿಗೂ ಪೆಟ್ಟಾಗಿತ್ತು. ಗುಲ್ಮವನ್ನು ತೆಗೆದೇಬಿಟ್ಟರು. ಇನ್ನು ಮುಂದೆ ಸಣ್ಣ ಜ್ವರ ಬಂದರೂ ಹೆದರಬೇಕು, ಆಸ್ಪತ್ರೆಗೆ ಓಡಬೇಕು ಎಂದು ಹೇಳಿ ಕಳಿಸಿದರು. ಬೆಲ್ಟ್ ಹೆಗಲ ಮೂಳೆಯ ಮೇಲೂ ಸೊಂಟದ ಮೂಳೆಯ ಮೇಲೂ ಕೂರಬೇಕಂತೆ. ಏಟನ್ನು ಮೂಳೆ ತಡೆಯುತ್ತದೆ. ಕಂಕುಳ ಕೆಳಗೆ ತೂರಿಸಿದರೆ ಪ್ರಾಣ ಉಳಿಸಬೇಕಾದ ಪಟ್ಟಿಯೇ ಮೆತ್ತಗಿನ ಜಾಗವನ್ನು ಹಿಂಡುತ್ತದೆ. ಡಾಕ್ಟರು ಇದನ್ನು ಭಾವನಿಗೆ ವಿವರಿಸುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಅವಳು ಸಾಯಬಾರದು ಎಂದು ಬೇಡಿಕೊಂಡೆ. ಅದು ಸತ್ಯ. ಬೇಡಿಕೊಂಡ ಮರುಗಳಿಗೆ ನರ್ಸ್ ಬಂದು ಅವಳ ಸರವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನೀವೇ ಇಟ್ಕೊಳ್ಳಿ ಅಮ್ಮ, ಎಂದು ನನ್ನ ಕೈಗೆ ಕೊಟ್ಟಳು. ಒಂದು ಕಾಸೂ ಸೊಟ್ಟಗಾಗಿರಲಿಲ್ಲ. ಭಾವನಿಗೆ ಅದನ್ನು ದಾಟಿಸುವವರೆಗೆ ಬಿಗಿಯಾಗಿ ಹಿಡಿದುಕೊಂಡಿದ್ದೆ. ಕೊಡುವಾಗ ಕೈಗೆ ಸಂಕಟವಾಯಿತು.

ಆಮೇಲೆ ನೆಂಟರು ಬರತೊಡಗಿದರು. ಅವಳನ್ನು ಐಸಿಯುನಿಂದ ತಂದು ನನ್ನ ಕೋಣೆಯಲ್ಲೇ ಇನ್ನೊಂದು ಮಂಚಕ್ಕೆ ಹಾಕಿದ್ದರು. ಬಂದವರು ಮೊದಲು ಅವಳ ಹತ್ತಿರ ಹೋಗುವರು. ಗಂಡಸರನ್ನು ಹೊರಗೆ ಕಳಿಸಿ ಹೆಂಗಸರು ಹೊದಿಕೆ ಸರಿಸಿ ಗುರುತು ನೋಡುವರು. ಎಡ ಕಂಕುಳ ಕೆಳಗಿಂದ ಹೊರಟು ಪಕ್ಕೆಯ ಮೇಲೆ ಹಾದು ಬಲ ಸೊಂಟದವರೆಗೆ ಒಂದು ಅಗಲವಾದ ಪಟ್ಟೆ. ಮೊದಲು ಕೆಂಪಗಿತ್ತು, ಆಮೇಲೆ ನೇರಳೆಯಾಯಿತು, ಕೊನೆಗೆ ಅರಿಶಿನದ ಬಣ್ಣಕ್ಕೆ ತಿರುಗಿ ಮಾಸಿತು. ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ದೇವರೇ ಕಟ್ಟಿ ಹಿಡಿದಿದ್ದಾನೆ ಎಂದರು. ಆಮೇಲೆ ನನ್ನ ಮಂಚದ ಕಡೆ ತಿರುಗಿ, ನೀನು ಬೆಲ್ಟ್ ಹಾಕಿರ್ಲಿಲ್ವೇನಮ್ಮ, ಎಂದು ಕೇಳುವರು. ಅವಳಿಗೆ ಎಳನೀರು, ನನಗೆ ಬುದ್ಧಿಮಾತು. ಮೈಮೇಲೆ ಏಟು ಬೀಳುವುದರಲ್ಲೂ ಅವಳದೇ ಮೇಲುಗೈ ಆಯಿತಲ್ಲ ಎಂದು ಗೋಡೆಯ ಕಡೆ ಹೊರಳಿದರೆ ಮುರಿದ ಹೆಗಲು ಚುರುಕ್ ಎನ್ನುತ್ತಿತ್ತು.

ಇಷ್ಟು ಜನ ನೋಡಿದರು, ಒಬ್ಬರೂ ಆ ಗುರುತಿನ ಫೋಟೋ ತೆಗೆಯಲಿಲ್ಲ. ಆಸ್ಪತ್ರೆಯವರು ತೆಗೆಯುತ್ತೇವೆ ಎಂದು ಬಂದಾಗ ಭಾವ ತಡೆದರು. ಹೆಂಗಸಿನ ಮೈ ಫೋಟೋ ಯಾರ್ಯಾರ ಕೈಗೋ ಹೋಗೋದು ಬೇಡ ಎಂದರು. ಅದು ಎಷ್ಟು ದೊಡ್ಡ ತಪ್ಪು ಎಂಬುದು ನಮಗೆ ತಿಳಿದದ್ದು ವಕೀಲರ ಬಳಿ ಹೋದಾಗ.

ವಕೀಲರ ಆಫೀಸು ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿತ್ತು. ಮಾತಿನ ಮಧ್ಯೆ ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು. ತಪ್ಪು ಟೆಂಪೋದವನದು, ಅದರಲ್ಲಿ ಅನುಮಾನವಿಲ್ಲ, ಎಂದು ಅವರು ಮೊದಲೇ ಹೇಳಿದರು. ಆದರೆ ಪರಿಹಾರ ಕೊಡಬೇಕಾದ ಇನ್ಶೂರೆನ್ಸಿನವರು ಸುಮ್ಮನಿರುವುದಿಲ್ಲ. ನಿಮ್ಮ ಗಾಯಕ್ಕೆ ನಿಮ್ಮದೂ ಪಾಲಿದೆ ಎಂದು ವಾದಿಸುತ್ತಾರೆ. ಅದಕ್ಕೆ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎನ್ನುತ್ತಾರಂತೆ. ಬೆಲ್ಟ್ ಹಾಕದವರಿಗೆ ಆ ಪಾಲು ಕಡಿದೇ ಕೊಡುವ ಸಾಧ್ಯತೆ ಹೆಚ್ಚು. ನನ್ನದು ಹೇಗೂ ಹೋಯಿತು, ಸೀಟ್ ಕವರ್ ಹೊಲಿಸಿದ್ದು ನೀವೇ ಅಲ್ವಾ ಎಂದುಬಿಟ್ಟರು. ಓರಗಿತ್ತಿಯದು ಬೇರೆ. ನಮ್ಮನ್ನು ಹೊರಗೆಳೆದ ದಾರಿಹೋಕರು ಮೊದಲು ಬಕಲ್ ಬಿಚ್ಚಿದ್ದರು. ಪೊಲೀಸರು ಬಂದು ನೋಡುವ ಹೊತ್ತಿಗೆ ಬೆಲ್ಟ್ ಖಾಲಿಯಾಗಿ ನೇತಾಡುತ್ತಿತ್ತು. ಆಕೆ ಬೆಲ್ಟ್ ಹಾಕಿರಲೇ ಇಲ್ಲ, ಪಕ್ಕೆಲುಬು ಮುರಿದದ್ದು ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು, ಎಂದು ಎದುರಿನವರು ಬರೆದುಕೊಡುವುದು ಖಂಡಿತ ಎಂದರು. ಗುರುತು ಮಾಸಿಹೋಗಿತ್ತು, ಫೋಟೋ ಇರಲಿಲ್ಲ. ಅವಳಿಗೆ ಆ ಹೊತ್ತಿನ ನೆನಪೇ ಇರಲಿಲ್ಲ. ಟೆಂಪೋ ಕಂಡದ್ದಷ್ಟೇ, ಆಮೇಲೆ ಆಸ್ಪತ್ರೆ. ಭಾವ ಕಟ್ಟಿಸುತ್ತಿದ್ದ ಬಿಲ್ಡಿಂಗ್ ದುಡ್ಡಿಲ್ಲದೆ ಅರ್ಧಕ್ಕೇ ನಿಂತಿತ್ತು, ಅವಳ ಮುಂದಿನ ಚಿಕಿತ್ಸೆಯೆಲ್ಲ ಈ ಕೇಸನ್ನೇ ನೆಚ್ಚಿಕೊಂಡಿತ್ತು. ವಕೀಲರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನೋಡಿದವರು ನೀವೊಬ್ಬರೇ ಎಂದರು.

ಆಮೇಲೆ ಇನ್ನೊಂದು ಮಾತು ಹೇಳಿದರು. ಡ್ರೈವರ್ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದಿರಲಿಲ್ಲ ಅಂತ ಗೊತ್ತಾದರೆ, ಅಪಘಾತದಲ್ಲಿ ಈ ಕಾರಿನ ತಪ್ಪೂ ಇದೆ ಅಂತಾರೆ, ಅರ್ಧ ಹೊರೆ ನಿಮ್ಮ ಯಜಮಾನರ ತಲೆಗೇ ಬರುತ್ತೆ. ನನ್ನ ಗಂಡ ಕಟ್ಟು ಹಾಕಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ನೆನಪಿಲ್ಲ ಸಾರ್, ಎಂದರು. ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ಅಪಘಾತವಾದ ಮೇಲೆ ನಾನು ಆ ಕೈಯ ಬಗ್ಗೆ ಯಾರೊಂದಿಗೂ ಮಾತಾಡಿರಲಿಲ್ಲ. ಆದರೆ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಅವರ ಬಳಿ ಚಾಚಲು ಒಂದು ಕೈ ಇತ್ತು, ಅದನ್ನು ಪಕ್ಕಕ್ಕೆ ಚಾಚಿದರು. ಪಕ್ಕದಲ್ಲಿದ್ದವಳು ಬೆಲ್ಟ್ ಹಾಕಿಕೊಂಡಿದ್ದಳು, ಹಿಂದಿದ್ದವಳಿಗೆ ಅದೂ ಇರಲಿಲ್ಲ. ಹಿಂದಕ್ಕೆ ಕೈ ಚಾಚಲು ಆಗುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆಯೇ? ಇಬ್ಬರ ನಡುವೆ ಕೆಟ್ಟದ್ದು ಏನೂ ಇಲ್ಲ. ಅವರು ಅವಳನ್ನು ಅತ್ತಿಗೆ ಎನ್ನುತ್ತಾರೆ, ತಾಯಿಯ ಹಾಗೆ ಕಾಣುತ್ತಾರೆ. ಅದೇ ಕಷ್ಟ. ಏನಾದರೂ ಇದ್ದಿದ್ದರೆ ಜಗಳವಾಡಿ, ತವರಿಗೆ ಹೋಗಿ, ನಾಲ್ಕು ಜನರನ್ನು ಸೇರಿಸಿ ಪಂಚಾಯ್ತಿ ಮಾಡಿಸಬಹುದಿತ್ತು. ಏನೂ ಇಲ್ಲದ್ದಕ್ಕೆ ಯಾರ ಮೇಲೆ ಜಗಳವಾಡಲಿ? ಮನೆಗೆ ಬಂದ ಮೇಲೆ ಅವರು ಇಬ್ಬರಿಗೂ ದಾಳಿಂಬೆ ರಸ ತರುತ್ತಿದ್ದರು. ಮೊದಲ ಲೋಟ ಅವಳಿಗೆ ಹೋಗುತ್ತಿತ್ತು, ಅವಳಿಗೆ ಆಪರೇಷನ್ ಆಗಿದೆಯಲ್ಲ. ನಾನು ನನ್ನ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದೆ. ಯಾಕೆ ಬಿಟ್ಟೆ ಎಂದು ಅವರು ಒಂದು ಸಲವೂ ಕೇಳಲಿಲ್ಲ.

ನನ್ನ ಸರದಿ ಬಂದ ದಿನ ಕೋರ್ಟಿನಲ್ಲಿ ಎಲ್ಲರೂ ಇದ್ದರು. ನನ್ನ ಗಂಡನ ಸಾಕ್ಷಿ ಮೊದಲೇ ಮುಗಿದಿತ್ತು, ನೆನಪಿಲ್ಲ ಎಂದೇ ಹೇಳಿ ಬಂದಿದ್ದರು. ಅವರು ಬಾಗಿಲ ಬಳಿ ನಿಂತರು. ಓರಗಿತ್ತಿ ಹೊಟ್ಟೆಯ ಮೇಲೆ ಬ್ಯಾಗ್ ಅದುಮಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಭಾವ. ಅವಳು ತುಂಬ ಇಳಿದುಹೋಗಿದ್ದಳು. ಜಡೆ ಮಾತ್ರ ಹಾಗೇ ಇತ್ತು.

ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದೆ. ನಮ್ಮ ವಕೀಲರು ಕೇಳಿದ್ದಕ್ಕೆ, ಬೆಲ್ಟ್ ಹಾಕಿದ್ದರು ಎಂದೆ. ಆಮೇಲೆ ಇನ್ಶೂರೆನ್ಸಿನ ವಕೀಲರು ಎದ್ದರು. ವಯಸ್ಸಾದವರು, ನಯವಾದ ಮಾತು, ಮಗಳನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು. ನೀವಿಬ್ಬರೂ ಒಂದೇ ಮನೆಯವರು ಅಲ್ವಾ ಎಂದು ಕೇಳಿದರು. ಹೌದು ಎಂದೆ. ಒಂದೇ ಅಡುಗೆ, ಒಂದೇ ಸಂಸಾರ, ಅಕ್ಕತಂಗಿಯರ ಥರ ಇದ್ದೀರಿ, ಅಕ್ಕನಿಗೆ ಅನುಕೂಲ ಆಗಲಿ ಅಂತ ತಂಗಿ ಒಂದು ಮಾತು ಹೇಳುವುದು ಸಹಜ ಎಂದು ನ್ಯಾಯಾಧೀಶರ ಕಡೆ ತಿರುಗಿ ನಕ್ಕರು. ನನಗೆ ಮೈ ಉರಿಯಿತು. ಸುಳ್ಳುಗಾತಿ ಅಂದದ್ದಕ್ಕಲ್ಲ. ಅಕ್ಕತಂಗಿಯರ ಥರ ಅಂದದ್ದಕ್ಕೆ.

ಅವರು ಬೆಲ್ಟ್ ಹೇಗೆ ಹಾಕಿದ್ದರು, ತೋರಿಸಿ, ಎಂದರು. ನಾನು ಕಟಕಟೆಯಲ್ಲಿ ನಿಂತೇ ಎಡಗೈ ಎತ್ತಿ, ಸೆರಗನ್ನು ಪಟ್ಟಿಯ ಹಾಗೆ ಹಿಡಿದು, ಕಂಕುಳ ಕೆಳಗೆ ತೂರಿಸಿ ತೋರಿಸಿದೆ. ನಮ್ಮ ವಕೀಲರು ತಲೆ ತಗ್ಗಿಸಿದರು. ಹೆಗಲ ಮೇಲೆ ಇತ್ತು ಅನ್ನಿ ಎಂದು ಅವರು ಎಷ್ಟು ಹೇಳಿಕೊಟ್ಟಿದ್ದರೋ. ಎದುರಿನ ವಕೀಲರಿಗೂ ಇದು ನಿರೀಕ್ಷೆಯಿರಲಿಲ್ಲ. ಹಿಂದೆ ಕೂತವರಿಗೆ ಇಷ್ಟೆಲ್ಲ ಹೇಗೆ ಕಾಣಿಸಿತು ಎಂದು ಕೇಳಿದರು.

"ಅವರ ಕತ್ತನ್ನೇ ನೋಡ್ತಿದ್ದೆ ಸಾರ್. ಮನೆಯಿಂದ ಹೊರಟಾಗಿಂದ ಕಣ್ಣು ತೆಗೀಲಿಲ್ಲ."

"ಯಾಕೆ ಹಾಗೆ?"

"ನಮ್ಮತ್ತೆ ಕಾಸಿನ ಸರ ಅವರ ಕತ್ತಲ್ಲಿತ್ತು. ಅದು ನನಗೆ ಬರ್ಬೇಕಿತ್ತು. ಬೆಲ್ಟನ್ನ ಕಂಕುಳ ಕೆಳಗೆ ಹಾಕ್ಕೊಂಡಿದ್ದು ಸರ ನಾಲ್ಕು ಜನಕ್ಕೆ ಕಾಣ್ಲಿ ಅಂತ. ನಂಗೆ ಹೊಟ್ಟೆ ಉರೀತಿತ್ತು, ಅದಕ್ಕೇ ನೋಡ್ತಿದ್ದೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ತಲೆ ಎತ್ತಿ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. ಟೈಪ್ ಮಾಡುತ್ತಿದ್ದವರಿಗೆ, ಅದನ್ನೂ ಬರೆದುಕೊಳ್ಳಿ, ಎಂದರು. ಓರಗಿತ್ತಿ ನೆಲ ನೋಡುತ್ತಿದ್ದಳು, ಅವಳ ಕಿವಿ ಕೆಂಪಾಗಿತ್ತು. ನನಗೆ ಹೇಳಲಾಗದಷ್ಟು ಹಗುರವೆನಿಸಿತು. ಇಷ್ಟು ವರ್ಷದ ಸಂಕಟವನ್ನು ಕೋರ್ಟಿನಲ್ಲಿ ಹೇಳಿ ಟೈಪ್ ಮಾಡಿಸಿಬಿಟ್ಟಿದ್ದೆ.

ಹೊಟ್ಟೆಕಿಚ್ಚು ಪಡುವವಳೇ, ಅವಳು ಬೆಲ್ಟ್ ಹಾಕಿದ್ದಳು ಎಂದು ಹೇಳಿದರೆ ಅದನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಎದುರಿನ ವಕೀಲರಿಗೆ ಅದು ನನಗಿಂತ ಮೊದಲೇ ಅರ್ಥವಾಗಿತ್ತು. ಕಾಗದ ತಿರುವಿ ಹಾಕಿ ಕೊನೆಯ ಪ್ರಶ್ನೆ ಕೇಳಿದರು. ನಿಮ್ಮ ಯಜಮಾನರ ಎಡ ಮಣಿಕಟ್ಟು ಮುರಿದಿದೆ, ಬಲಗೈಗೆ ಏನೂ ಆಗಿಲ್ಲ. ನೀವು ಇಷ್ಟೆಲ್ಲ ನೋಡಿದವರು, ಡಿಕ್ಕಿ ಆದಾಗ ಅವರ ಎಡಗೈ ಎಲ್ಲಿತ್ತು, ಅದನ್ನೂ ಹೇಳಿ.

ಈಗ ನಾನು ಏನು ಹೇಳಿದರೂ ಅಲ್ಲಿದ್ದವರು ನಂಬುತ್ತಿದ್ದರು. ಬಾಗಿಲ ಕಡೆ ನೋಡಿದೆ. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು, ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ಕೇಸು ಹಾಳಾಗುತ್ತದೆ ಎಂಬ ಯೋಚನೆ ಬಂತು, ಬರಲಿಲ್ಲ ಎನ್ನುವುದಿಲ್ಲ. ಆದರೆ ನನ್ನ ಬಾಯಿ ಕಟ್ಟಿದ್ದು ಅದಲ್ಲ. ಬೆಂಚಿನ ಮೇಲೆ ಕೂತಿದ್ದವಳಿಗೆ ಆ ಕೈಯ ವಿಷಯ ಗೊತ್ತಿರಲಿಲ್ಲ. ಅವಳಿಗೆ ಸೀಟು ಸಿಕ್ಕಿತ್ತು, ಸರ ಸಿಕ್ಕಿತ್ತು, ನನ್ನ ಸಾಕ್ಷಿಯೂ ಸಿಕ್ಕಿತ್ತು. ಸಾವು ಎದುರಿಗೆ ಬಂದಾಗ ನನ್ನ ಗಂಡನ ಕೈ ತನ್ನ ಕಡೆಗೆ ಬಂದಿತ್ತು ಎಂಬುದನ್ನೂ ನಾನೇ ಎತ್ತಿ ಅವಳ ಮಡಿಲಿಗೆ ಹಾಕಬೇಕೆ? ನನ್ನ ಕೈಲಾಗಲಿಲ್ಲ.

"ಎರಡೂ ಕೈ ಸ್ಟೀರಿಂಗ್ ಮೇಲಿತ್ತು," ಎಂದೆ.

ಹೊರಗೆ ಬಂದ ಮೇಲೆ ನಮ್ಮ ವಕೀಲರಿಗೆ ನಗು ತಡೆಯಲಾಗಲಿಲ್ಲ. ತಾವು ಹೇಳಿಕೊಟ್ಟಿದ್ದನ್ನು ನಾನು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಅವರ ಅಂದಾಜು ಸರಿಯಾಗಿಯೇ ಇತ್ತು. ಮುಂದೆ ಆದೇಶ ಬಂದಾಗ, ಆಕೆ ಬೆಲ್ಟ್ ಹಾಕಿದ್ದರು ಎಂಬುದನ್ನು ಕೋರ್ಟು ಒಪ್ಪಿತು. ತಪ್ಪಾಗಿ ಹಾಕಿಕೊಂಡದ್ದಕ್ಕೆ ಸ್ವಲ್ಪ ಕಡಿತವಾಯಿತು, ಹಾಕದೇ ಇದ್ದದ್ದಕ್ಕೆ ನನಗೆ ಅದಕ್ಕಿಂತ ಹೆಚ್ಚು. ಓರಗಿತ್ತಿ ಅವತ್ತು ಮೆಟ್ಟಿಲ ಬಳಿ ನನ್ನ ಕೈ ಹಿಡಿದುಕೊಂಡು ಕೆಳಗಿಳಿದಳು. ಭಾವ ಅವಳನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಎಂದು ಆಟೋ ಹತ್ತಿಸಿದರು.

ನಾವಿಬ್ಬರೇ ಕಾರಿನಲ್ಲಿ ಹೊರಟೆವು. ಮುಂದಿನ ಸೀಟಿನಲ್ಲಿ ನಾನು, ಬೆಲ್ಟ್ ಹೆಗಲ ಮೇಲೆ. ಮುರಿದು ಕೂಡಿದ ಮೂಳೆಗೆ ಅದು ಒತ್ತುತ್ತಿತ್ತು. ಹೆಬ್ಬಾಳದ ಮೇಲುಸೇತುವೆ ದಾಟಿದ ಮೇಲೆ ಅವರು ಸಹಕಾರನಗರದಲ್ಲಿ ಒಂದು ದರ್ಶಿನಿಯ ಮುಂದೆ ನಿಲ್ಲಿಸಿ, ಕಾಫಿ ಕುಡಿಯೋಣ ಬಾ, ಎಂದರು. ನಿಂತು ಕುಡಿಯುವ ಮೇಜು, ಸುತ್ತ ಆಫೀಸಿನ ಜನ. ಅವರು ಲೋಟವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೇಜಿನ ಮೇಲಿಟ್ಟರು. ಆ ಮಣಿಕಟ್ಟು ಈಗ ಪೂರ್ತಿ ತಿರುಗುವುದಿಲ್ಲ.

"ನೀನು ನೋಡಿದ್ದೆ ಅಲ್ವಾ?" ಎಂದರು.

ನೋಡಿದ್ದೆ ಎಂದೆ. ಅವರು ತಲೆಯಾಡಿಸಿದರು. ತಮಗೂ ನೆನಪಿದೆ ಎಂದರು, ಮೊದಲಿನಿಂದಲೂ ನೆನಪಿತ್ತು ಎಂದರು. ಅತ್ತಿಗೆ ಅಂತಲ್ಲ, ಕೈ ತಾನಾಗಿ ಹೋಯಿತು, ಅಲ್ಲಿ ಯಾರಿದ್ದರೂ ಹೋಗುತ್ತಿತ್ತು ಎಂದರು. ನೀನು ಕೇಸು ಉಳಿಸಿದೆ, ನನ್ನನ್ನೂ ಉಳಿಸಿದೆ ಎಂದರು. ಅವರು ನನ್ನನ್ನು ಇಷ್ಟು ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಕೈ ಚಾಚಿದ್ರಲ್ಲ, ಆಗ ಹಿಂದೆ ನಾನಿದ್ದೀನಿ ಅನ್ನೋದು ನೆನಪಿತ್ತಾ?"

ಅವರು ಲೋಟವನ್ನು ಕೆಳಗಿಟ್ಟರು. ಅವರು ಯೋಚಿಸುತ್ತಿದ್ದುದು ನನಗೆ ಕಾಣುತ್ತಿತ್ತು. ನನ್ನ ಗಂಡ ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಹುಡುಕುತ್ತಾರೆ.

"ಇಲ್ಲ ಕಣೆ," ಎಂದರು. "ಆ ಹೊತ್ತಿಗೆ ನೆನಪೇ ಆಗ್ಲಿಲ್ಲ."

ಅವರು ಒಂದು ಸುಳ್ಳು ಹೇಳಬಹುದಿತ್ತು. ನಾನು ನಂಬಿಬಿಡುತ್ತಿದ್ದೆ.